ನೀಲಿ ಬಿಡದ ಹೊನ್ನೆ

ಐದು ಜನರ ಮುಂದೆ ರಾಮಾಂಜಿನಪ್ಪ ಗಾಜಿನ ಲೋಟದಲ್ಲಿ ನೀರು ತರಿಸಿದ್ದನ್ನು ಪಾಪಯ್ಯ ಇವತ್ತಿಗೂ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. ರಾಜಗೋಪಾಲನಗರದಲ್ಲಿ ಮೂವತ್ತು ವರ್ಷ ಬಾಗಿಲು ಕೂರಿಸಿದ ಬಡಗಿ ಅವನು. ಅಂಥವನ ಕೈಯನ್ನು ಕಳ್ಳನ ಕೈ ನೋಡಿದ ಹಾಗೆ ನೋಡುವುದೆಂದರೇನು?

ಮರವೇನೋ ರಾಮಾಂಜಿನಪ್ಪನದೇ. ಪೀಣ್ಯದಲ್ಲಿ ಅವನ ಮೂರು ಶೆಡ್‌ಗಳಿರುವ ಜಾಗ ಅವನ ಅಪ್ಪನ ಕಾಲಕ್ಕೆ ರಾಗಿ ಹೊಲ. ಅದರ ಬದುವಿನಲ್ಲಿ ಒಂದು ಹೊನ್ನೆ ಮರವಿತ್ತು. ಕೊಡಲಿ ತಾಕಿದರೆ ತೊಗಟೆಯಿಂದ ರಕ್ತದ ಹಾಗೆ ಕೆಂಪು ಅಂಟು ಸುರಿಸುವ ಮರ. ಗಾಳಿಮಳೆಗೆ ಉರುಳಿದ ಮೇಲೆ ದಿಮ್ಮಿ ಎಂಟು ವರ್ಷ ಶೆಡ್ಡಿನ ಹಿಂದೆ ಬಿದ್ದಿತ್ತು. ಗೆದ್ದಲು ಮೂಸಿ ನೋಡಿ ಹೋಯಿತೇ ಹೊರತು ಬಾಯಿ ಹಾಕಲಿಲ್ಲ. ಹಿಂದೆ ಗಾಡಿಗೂ ಬಾಗಿಲಿಗೂ ಜನ ಇದನ್ನೇ ಹುಡುಕುತ್ತಿದ್ದರು. ಸಕ್ಕರೆ ಕಾಯಿಲೆಯವರು ಈಗಲೂ ಹೊನ್ನೆ ಲೋಟದಲ್ಲಿ ನೀರು ನೆನೆಹಾಕಿ ಕುಡಿಯುತ್ತಾರೆ. ಹೊಸ ಮನೆಯ ತಲೆಬಾಗಿಲಿಗೆ ಅಪ್ಪನ ಮರವೇ ಆಗಬೇಕೆಂದು ರಾಮಾಂಜಿನಪ್ಪ ಪಾಪಯ್ಯನಿಗೆ ಒಪ್ಪಿಸಿದ. ಪಾಪಯ್ಯ ದಿಮ್ಮಿಯನ್ನು ಕೊಯ್ಯಲು ಮುರಿಗೆಪ್ಪನ ಸಾಮಿಲ್ಲಿಗೆ ಕಳಿಸಿದ. ಮುರಿಗೆಪ್ಪನೆಂದರೆ ಇಪ್ಪತ್ತು ವರ್ಷದ ಗೆಳೆಯ, ಒಂದೇ ಬೀಡಿಕಟ್ಟಿನ ಸ್ನೇಹ.

ಕೊಯ್ದ ತೊಲೆಗಳು ಬಂದ ದಿನ ಸಂಜೆ ರಾಮಾಂಜಿನಪ್ಪ ಪಾಪಯ್ಯನ ಕೆಲಸದ ಶೆಡ್ಡಿಗೆ ಬಂದು ಸವರಿ ನೋಡಿದ.

“ಏನ್ ಪಾಪಯ್ಯ, ಇದು ನಮ್ಮಪ್ಪನ ಮರಾನೇನಾ? ಬಿದ್ದಾಗ ರಕ್ತ ಸೋರ್ದಂಗೆ ಕೆಂಪಗಿತ್ತು. ಇದ್ಯಾಕೆ ಬೂದಿ ಬಣ್ಣ?”

“ಕೆಂಪು ತೊಗಟೇದು ಗೌಡ್ರೇ. ಒಳಗೆ ಹಳದಿ ಇರ್ತದೆ, ಮೇಲೆ ಸಾಮಿಲ್ಲಿನ ಧೂಳು ಮೆತ್ತೈತೆ. ಹತ್ತರಿ ಹೊಡುದ್ರೆ ಕಾಣ್ತದೆ.”

“ಇರ್ತದೆ ಅಂತ ನೀನೇಳ್ಬೇಕು. ಹೊನ್ನೆ ಆದ್ರೆ ನೀರಿಗೆ ನೀಲಿ ಬಿಡ್ತದೆ ಅಂತ ನಮ್ಮಪ್ಪ ಏಳ್ತಿದ್ದ. ಒಂದ್ ಲೋಟ ನೀರ್ ತರ್ರಪ್ಪ, ನೋಡೇ ಬಿಡಾನ.”

ಪಕ್ಕದ ಶೆಡ್ಡಿನ ಮುಂದೆ ಟೀ ಕುಡಿಯುತ್ತಿದ್ದವರು ಹತ್ತಿರ ಬಂದರು. “ಮಾವಿನ್ ಮರಾನೂ ನೀಲಿ ಬಿಡ್ತದಾ ಗೌಡ್ರೇ?” ಎಂದು ಒಬ್ಬ ಕಿಸಕ್ಕನೆ ನಕ್ಕ.

ಪಾಪಯ್ಯನ ನೆತ್ತಿ ಕಾಯಿತು. ತಾಳ್ಮೆಯಿದ್ದವನಾಗಿದ್ದರೆ ತೊಲೆಯ ಮೇಲೆ ಎರಡು ಸಲ ಹತ್ತರಿ ಎಳೆದು, ಮೇಲ್ಪದರ ಹೆರೆದು ತೋರಿಸುತ್ತಿದ್ದ. ಇವನು ಬಗ್ಗಿ, ಮೇಜಿನ ಕೆಳಗಿದ್ದ ಮರದ ಹೊಟ್ಟನ್ನೇ ಹಿಡಿಯಷ್ಟು ಬಾಚಿ ಲೋಟಕ್ಕೆ ತುರುಕಿದ. ಕಾಲು ಗಂಟೆ ಕಾದರು. ನೀರು ಕಲಗಚ್ಚಿನಂತಾಯಿತು, ಅಷ್ಟೇ. ನೀಲಿಯ ಸುಳಿವಿಲ್ಲ.

ರಾಮಾಂಜಿನಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಶುಕ್ರವಾರ ಬಾಗಿಲು ಪೂಜೆ. ನಮ್ ಮರ ಎಲ್ಲೋಗೈತೋ ಅಷ್ಟ್ರಲ್ಲಿ ಹುಡುಕ್ಸು” ಎಂದು ಬೈಕ್ ಹತ್ತಿದ.

ನಾನು ಕದ್ದಿಲ್ಲ, ಹಾಗಾದರೆ ಕದ್ದವನು ಯಾರು? ಪಾಪಯ್ಯ ನಿಂತಲ್ಲೇ ಲೆಕ್ಕ ಹಾಕಿದ. ದಿಮ್ಮಿ ಎರಡು ದಿನ ಸಾಮಿಲ್ಲಿನಲ್ಲಿತ್ತು. ಮೊದಲ ದಿನ ಮುರಿಗೆಪ್ಪನ ಫೋನ್ ಸ್ವಿಚ್ ಆಫ್. ಎರಡನೆಯ ದಿನ ತಾನು ಹೋದಾಗ ಸಾಮಿಲ್ಲಿನ ಗೇಟಿನಿಂದ ಒಂದು ಟೆಂಪೋ ಹೊರಗೆ ಹೋಯಿತು, ಮೇಲೆ ಟಾರ್ಪಾಲು ಬಿಗಿದಿತ್ತು. ಕೇಳಿದರೆ “ಬೇರೆಯವ್ರದು ಗುರು” ಎಂದಿದ್ದ. ಆಗ ಏನೂ ಅನ್ನಿಸಿರಲಿಲ್ಲ. ಈಗ ಒಂದೊಂದಕ್ಕೂ ಕೋರೆಹಲ್ಲು ಮೂಡಿತು. ಸ್ಕೂಟರ್ ತೆಗೆದವನು ಸಾಮಿಲ್ಲಿನಲ್ಲೇ ನಿಲ್ಲಿಸಿದ.

“ಎಷ್ಟಕ್ಕೆ ಮಾರ್ದೆ?”

“ಏನನ್ನ?” ಮುರಿಗೆಪ್ಪ ಗರಗಸ ನಿಲ್ಲಿಸಿದ.

“ಗೌಡ್ರ ಹೊನ್ನೇನ. ನಾಟಕ ಬ್ಯಾಡ. ಟಾರ್ಪಾಲ್ ಕೆಳಗೆ ಏನೋಯ್ತು ಅಂತ ನಂಗೊತ್ತು.”

ಆಳುಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಮುರಿಗೆಪ್ಪ ಹುಬ್ಬಿನ ಮೇಲಿನ ಹೊಟ್ಟು ಒರೆಸಿಕೊಂಡ. “ಹತ್ತರಿ ಹೊಡ್ದು ನೋಡ್ದಾ ಗುರು?”

“ನೋಡಾದೇನ್ ಬಂತು? ಕಳ್ಳನ್ನ ನಂಬಿ ಮರ ಕಳ್ಸಿದ್ದೇ ನನ್ ತಪ್ಪು.”

ಮುರಿಗೆಪ್ಪ ಸ್ವಿಚ್ ಒತ್ತಿದ. ಗರಗಸ ಕೂಗತೊಡಗಿತು.

ಮರುದಿನ ಬೆಳಿಗ್ಗೆ ಪಾಪಯ್ಯ, ಕದ್ದ ಮರದ ಬದಲಿಗೆ ಯಾವ ಮರ ತುಂಬಿದ್ದಾನೆ ನೋಡೋಣವೆಂದು ಒಂದು ತೊಲೆಯನ್ನು ಮೇಜಿಗೆ ಹತ್ತಿಸಿ ಹತ್ತರಿ ಎಳೆದ. ಬೂದಿ ಬಣ್ಣ ಸುಲಿದು ಚಿನ್ನದಂಥ ಸುರುಳಿ ಎದ್ದಿತು. ಬೆವರಿದ ಅಂಗೈಯೆಲ್ಲ ಹಳದಿ. ಸುರುಳಿಯನ್ನು ನೀರಿಗೆ ಹಾಕಿ ಬಿಸಿಲಿಗೆ ಹಿಡಿದ. ನೀರಿನ ಅಂಚಿನಲ್ಲಿ ನವಿಲುಗತ್ತಿನ ನೀಲಿ ಆಡಿತು. ಆಮೇಲೆ ಮೇಜಿನ ಕೆಳಗೆ ಬಗ್ಗಿ ನೋಡಿದ. ಹಿಂದಿನ ದಿನ ಯಾವುದೋ ಮೆಷಿನ್ನಿನ ಪ್ಯಾಕಿಂಗ್ ಪೆಟ್ಟಿಗೆಗೆಂದು ಅದೇ ಮೇಜಿನ ಮೇಲೆ ನೀಲಗಿರಿ ಪಟ್ಟಿ ಉಜ್ಜಿದವನು ತಾನೇ. ಗುಡಿಸದೆ ಬಿಟ್ಟವನೂ ತಾನೇ. ಟ್ಯೂಬ್‌ಲೈಟಿನಲ್ಲಿ, ಆ ಸಿಟ್ಟಿನಲ್ಲಿ, ಬಾಚಿದ್ದು ಯಾವ ಮರದ ಹೊಟ್ಟು ಎಂದು ಕಣ್ಣಿಗೆ ಬಿದ್ದಿರಲಿಲ್ಲ.

ಲೋಟ ತೋರಿಸಿದಾಗ ರಾಮಾಂಜಿನಪ್ಪ “ಅಂಗಾದ್ರೆ ಸರಿ ಬಿಡು” ಎಂದ. ಅಷ್ಟಕ್ಕೇ ಮುಗಿಸಿದ.

ಶುಕ್ರವಾರ ಹೊಸ್ತಿಲಿಗೆ ಅರಿಶಿನ ಕುಂಕುಮ ಬಿತ್ತು, ಬಾಗಿಲು ನಿಂತಿತು. ಬಾಗಿಲು ಮಾಡಿದವನಿಗೂ ಮರ ಕೊಯ್ದವನಿಗೂ ತಾಂಬೂಲ ಕೊಡುವುದು ಆ ಮನೆಯ ಪದ್ಧತಿ. ರಾಮಾಂಜಿನಪ್ಪನ ಹೆಂಡತಿ ನಾಗಲಕ್ಷ್ಮಮ್ಮ ಎರಡು ಕವರ್ ಕೊಟ್ಟು, “ಒಂದು ಕೊಯ್ದೋರ್ಗೆ ತಲುಪಿಸ್ಬಿಡಣ್ಣ” ಎಂದರು.

ದಾರಿಯುದ್ದಕ್ಕೂ ಪಾಪಯ್ಯ ಮಾತು ಜೋಡಿಸಿಕೊಂಡೇ ಹೋದ. ಸಾಮಿಲ್ಲಿನಲ್ಲಿ ಮುರಿಗೆಪ್ಪ ತಲೆಯೆತ್ತಿದ.

“ಏನ್ ಬೇಕಿತ್ತು ಸಾರ್?”

ಸಾರ್. ಇಷ್ಟು ದಿನ ‘ಗುರು’ ಎನ್ನುತ್ತಿದ್ದ ಬಾಯಿ. ಪಾಪಯ್ಯ “ನೀಲಗಿರಿ ಪಟ್ಟಿ,” ಎಂದ. “ನಾಲ್ಕಡಿದು, ಹತ್ತು.”

ಮುರಿಗೆಪ್ಪ ಅಳೆದು, ಕಟ್ಟಿ, ಸ್ಕೂಟರಿಗೆ ಏರಿಸಿಕೊಟ್ಟ. ಹ್ಯಾಂಡಲಿನ ಕೊಕ್ಕೆಯಲ್ಲಿ ಕವರು ತೂಗುತ್ತಲೇ ಇತ್ತು. ಮೂರನೆಯ ದಿನಕ್ಕೆ ಎಲೆ ಬಾಡಿತು. ತೆಂಗಿನಕಾಯಿಯನ್ನು ಪಾಪಯ್ಯ ದೇವಸ್ಥಾನದಲ್ಲಿ ಒಡೆಸಿದ, ಇನ್ನೊಬ್ಬರ ಪಾಲಿನದನ್ನು ಮನೆಗೆ ಒಯ್ಯಲು ಮನಸ್ಸಾಗಲಿಲ್ಲ.

ಎರಡು ವರ್ಷವಾಯಿತು. ಪಾಪಯ್ಯ ಬೇರೆ ಸಾಮಿಲ್ಲಿಗೆ ಹೋಗಿಲ್ಲ. ಪ್ರತಿಸಲ ‘ತಪ್ಪಾಯ್ತು ಕಣೋ’ ಎಂಬ ಮಾತನ್ನು ಗೇಟಿನವರೆಗೆ ತರುತ್ತಾನೆ, ಒಳಗೆ ಹೋಗಿ ಅಳತೆ ಹೇಳುತ್ತಾನೆ. ಮುರಿಗೆಪ್ಪನಿಗೆ ಸಲ್ಲಬೇಕಾದ್ದು ಇನ್ನೂ ಸಂದಿಲ್ಲ.