ಮರದ ಗೋಡೆಗೆ ತೇವದಕ್ಕನ ಕಾವಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎಂಟು ಮಹಡಿಯ ಮರದ ಕಟ್ಟಡ. ಅದರ ಐದನೇ ಮಹಡಿಯಲ್ಲಿ ಒಬ್ಬಾಕೆ ಮಂಡಿಯೂರಿ, ತೇವ ಅಳೆಯುವ, ಎರಡು ಮುಳ್ಳುಗಳಿರುವ ಪುಟ್ಟ ಯಂತ್ರವನ್ನು ಗೋಡೆಯ ಬುಡಕ್ಕೆ ಚುಚ್ಚುತ್ತಾರೆ. ನೂರಕ್ಕೆ ಹತ್ತೊಂಬತ್ತು ಪಾಲು ತೇವ. ಲೊಚಗುಟ್ಟುತ್ತಾ ಗೇಣು ದೂರ ಸರಿದು ಮತ್ತೆ ಚುಚ್ಚುತ್ತಾರೆ. ಹತ್ತೊಂಬತ್ತೇ. ಹದಿನಾರಕ್ಕೆ ಇಳಿಯದೆ ಇಲ್ಲಿ ಹೊದಿಕೆ ಬಡಿದು ಗೋಡೆ ಮುಚ್ಚುವ ಹಾಗಿಲ್ಲ. ಮುಚ್ಚುವವರು ಹತ್ತು ಗಂಟೆಗೆ ಬರುತ್ತಾರೆ.

ಕೆಲಸದವರ ಬಾಯಲ್ಲಿ ಇವರು ತೇವದಕ್ಕ. ದಿನಕ್ಕೆ ಇನ್ನೂರನಲವತ್ತು ಕಡೆ ಚುಚ್ಚಿ ಬರೆಯಬೇಕು. ನಿಂತಲ್ಲಿ ನಿಲ್ಲುವ ಜೀವವೇ ಅಲ್ಲ. ಪತ್ರಿಕೆಗೆ ಬರೆಯಲೆಂದು ಮಾತಾಡಿಸಲು ಬಂದ ತಪ್ಪಿಗೆ ನಾನು ಮೂರು ಸಲ ಮೆಟ್ಟಿಲು ಹತ್ತಿಳಿದು ಏದುಸಿರು ಬಿಡುತ್ತಿದ್ದೇನೆ. "ಮನೇಲೂ ಹೀಗೇ. ಊಟಕ್ಕೆ ಕೂತ್ರೂ ಮೇಜು ಮುಟ್ಟಿಮುಟ್ಟಿ ನೋಡ್ತೀನಿ. 'ಅದಕ್ಕೇನು ಜ್ವರ ಬಂದಿದ್ಯಾ?' ಅಂತಾರೆ ನಮ್ಮನೆಯವ್ರು," ಎಂದು ನಗುತ್ತಾರೆ.

ಹನ್ನೊಂದು ವರ್ಷ ಕಾಂಕ್ರೀಟ್ ಹೊತ್ತ ಮೈ ಇದು. ಸಿಮೆಂಟಿಗೆ ಬಿರಿದ ಅಂಗೈ ಇನ್ನೂ ಕೂಡಿಲ್ಲ. ಮರದ ಕಟ್ಟಡ ಎಂದಾಗ ಇವರೂ ಮೂಗು ಮುರಿದವರೇ. ಈಗ ನನಗೇ ಪಾಠ: "ಮರ ಬೆಳೀವಾಗ ಗಾಳೀಲಿರೋ ಇಂಗಾಲ ಹೀರಿ ಒಳಗಿಟ್ಕೊಳ್ಳುತ್ತೆ. ಗೋಡೆ ಆದ್ಮೇಲೂ ಅದು ಅಲ್ಲೇ ಇರುತ್ತೆ. ಸಿಮೆಂಟು, ಉಕ್ಕು ಮಾಡೋಕೆ ಎಷ್ಟು ಬೆಂಕಿ, ಎಷ್ಟು ಹೊಗೆ! ಆದ್ರೆ ಕಡಿದ ಕಡೆ ಸಸಿ ನೆಟ್ಟು ಬೆಳೆಸ್ಬೇಕು. ಇಲ್ದಿದ್ರೆ ಎಲ್ಲಾ ಬರೀ ಬಾಯಿಮಾತು."

ಗೋಡೆ ಕೊಳೆತರೆ?

"ಕೊಳೆತ್ರೆ ಹಿಡಿದಿಟ್ಟಿದ್ದೆಲ್ಲಾ ವಾಪಸ್ ಗಾಳಿಗೆ."

ಈ ಚಡಪಡಿಕೆ ಸುಮ್ಮನೆ ಬಂದದ್ದಲ್ಲ. ಇದೇ ಕಟ್ಟಡದ ಎರಡನೇ ಮಹಡಿಯ ನೆಲ ಕೂರಿಸುವಾಗ ಮೋಡ ಕವಿದದ್ದು ಕಂಡು ಇವರೇ ಗಾಬರಿಬಿದ್ದು, ಆಗಲೇ ನೆನೆದಿದ್ದ ಹಲಗೆಗೆ ಪ್ಲಾಸ್ಟಿಕ್ ಹೊದಿಸಿ ಬಿಗಿದರು. ಹೊಸ ನೀರು ಒಳಗೆ ಬರಲಿಲ್ಲ, ಒಳಗಿದ್ದದ್ದು ಹೊರಗೆ ಹೋಗಲಿಲ್ಲ. ಮೂರು ವಾರಕ್ಕೆ ಕಪ್ಪು ಬೂಷ್ಟು. ಹಲಗೆಯನ್ನೇ ಕೊಯ್ದು ತೆಗೆಯಬೇಕಾಯಿತು. "ಕಾಪಾಡೋಕೆ ಹೋಗಿ ನಾನೇ ಹಾಳು ಮಾಡ್ದೆ," ಎನ್ನುವಾಗ ದನಿ ಕುಸಿಯುತ್ತದೆ.

ಹತ್ತು ಗಂಟೆ. ಗೋಡೆ ಮುಚ್ಚಲು ಒಪ್ಪಿಗೆಯ ಕಾಗದವನ್ನು ಮೇಸ್ತ್ರಿ ಚಾಚುತ್ತಾರೆ. "ಅಕ್ಕಾ, ಮೂರು ಪಾಲು ಹೆಚ್ಚು, ಅಷ್ಟೇ ತಾನೇ? ಒಳಗೇ ಒಣಗುತ್ತೆ. ಸಹಿ ಹಾಕಿ."

"ಒದ್ದೆ ಬಟ್ಟೆ ಪೆಟ್ಟಿಗೇಲಿಟ್ರೆ ಒಣಗುತ್ತೇನಣ್ಣಾ?"

"ಹಾಗಾದ್ರೆ ಮುಂದಿನ ಕಟ್ಟಡಕ್ಕೆ ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ."

ತೇವದಕ್ಕ ಕಾಗದ ತೆಗೆದುಕೊಳ್ಳುತ್ತಾರೆ. 'ಹತ್ತೊಂಬತ್ತು' ಎಂದು ದಪ್ಪಗೆ ಬರೆದು, ಸಹಿಯ ಜಾಗ ಖಾಲಿ ಬಿಟ್ಟು ಕಾಗದ ಹಿಂದಿರುಗಿಸುತ್ತಾರೆ. ದೊಡ್ಡ ಫ್ಯಾನನ್ನು ಗೋಡೆಗೆ ತಿರುಗಿಸಿ ಹಾಕುತ್ತಾರೆ. ಮುಚ್ಚಲು ಬಂದವರು ಗೊಣಗುತ್ತಾ ಕೆಳಗಿಳಿಯುತ್ತಾರೆ. ಮೇಸ್ತ್ರಿಯೂ ಮುಖ ಗಂಟಿಕ್ಕಿಕೊಂಡು ಹೊರಡುತ್ತಾರೆ.

ಕಟ್ಟಡದ ಫಲಕದಲ್ಲಿ ನಿಮ್ಮ ಹೆಸರೂ ಇರಬೇಕಿತ್ತು ಎನ್ನುತ್ತೇನೆ. ಅವರು ಆಗಲೇ ಮುಂದಿನ ಮೂಲೆಯಲ್ಲಿ ಮಂಡಿಯೂರಿದ್ದಾರೆ.

"ಬೇಡಪ್ಪಾ ಬೇಡ. ನನ್ನ ಹೆಸರು ಕೇಳ್ಕೊಂಡು ಯಾರಾದ್ರೂ ಬಂದ್ರು ಅಂದ್ರೆ ಗೋಡೆ ಕೊಳೀತು ಅಂತ ಅರ್ಥ. ನೂರು ವರ್ಷ ಯಾರೂ ಕೇಳ್ದೇ ಇರ್ಲಿ."