ಸದ್ದಿನ ಮೇಷ್ಟ್ರು

ಇಂಗ್ಲಿಷ್ ಟ್ಯೂಷನ್ ಹೇಳುವ ಮೇಷ್ಟ್ರಿಗೆ ‘ಕ್ವೈಟ್’, ‘ಸೈಲೆಂಟ್’ ಎರಡೂ ಒಂದೇ ಎಂದರೆ ಮೈಯೆಲ್ಲ ಉರಿಯುತ್ತದೆ. “ಸದ್ದು ಕಮ್ಮಿ ಇದ್ರೆ ಕ್ವೈಟ್, ಸದ್ದೇ ಇಲ್ದಿದ್ರೆ ಸೈಲೆಂಟ್” ಎಂದು ಅರ್ಧ ಗಡ್ಡ ಬೋಳಿಸಿಕೊಂಡಿರುವಾಗಲೇ ಪಾಠ ಶುರುಮಾಡುತ್ತಾರೆ. ಕ್ಷೌರದವನು ಕತ್ತಿ ಎತ್ತಿಹಿಡಿದು, ಆ ಗಲ್ಲ ಅಲುಗಾಡುವುದು ಯಾವಾಗ ನಿಂತೀತೆಂದು ಕಾಯುತ್ತಾನೆ. “ನಮ್ಮನೇನೇ ನೋಡಿ, ಅಡುಗೆಮನೇಲಿ ನಮ್ಮವಳು ಗೊಣಗ್ತಾನೇ ಇರ್ತಾಳೆ, ಅದು ಕ್ವೈಟ್. ಸೈಲೆಂಟ್ ಆಗೋ ಭಾಗ್ಯ ನನಗೆಲ್ಲಿ ಬರಬೇಕು?” ಮೊನ್ನೆ ತನ್ನ ಅಕ್ಕ ತೀರಿಕೊಂಡ ಮೇಲೆ ಹೆಂಡತಿ ಗೊಣಗುವುದನ್ನೇ ಬಿಟ್ಟಳು. ಬಯಸಿದ ಭಾಗ್ಯ ಮನೆಗೇ ಬಂದಿತ್ತು. ಮೇಷ್ಟ್ರು ಮಾತ್ರ ಕೂರಲಾರದೆ ನಿಲ್ಲಲಾರದೆ ಒದ್ದಾಡಿ, ಕೊನೆಗೆ ಆಕೆಯ ಮೆಚ್ಚಿನ ಪಿಂಗಾಣಿ ಬಟ್ಟಲನ್ನು ಬೇಕೆಂದೇ ಕೈಜಾರಿಸಿದರು. “ನಿಮ್ಮ ಕೈಗೇನು ಧಾಡಿ ಬಂದಿದೆ?” ಎಂದು ಒಳಗಿನಿಂದ ದನಿ ಎದ್ದಿತು. ಮೇಷ್ಟ್ರು ಅದರ ಜೋಡಿ ಬಟ್ಟಲಿಗೂ ಕೈಚಾಚಿದರು.