ರುದ್ರಪ್ಪ ಮಲಗಿದ ಹತ್ತು ನಿಮಿಷ

ನ್ಯಾಮತಿಯ ಮೆಕ್ಕೆಜೋಳದ ಗೋದಾಮಿನಲ್ಲಿ ಕ್ಯಾಮೆರಾಗಳ ರೆಕಾರ್ಡಿಂಗಿಗೆ ನಾನು ಎರಡನೇ ಸರ್ವರ್ ಕೂರಿಸಿದೆ. ಮೊದಲನೆಯದು ನಿಂತರೆ ಇದು ತಾನೇ ರೆಕಾರ್ಡ್ ಮಾಡಬೇಕು. ಪರೀಕ್ಷೆಗೆಂದು ಮಧ್ಯಾಹ್ನ ಮೊದಲನೆಯದನ್ನು ಹತ್ತು ನಿಮಿಷ ಆಫ್ ಮಾಡಿದೆ.

ಕಾವಲುಗಾರ ರುದ್ರಪ್ಪ ಇಣುಕಿ, "ಕ್ಯಾಮೆರಾ ಆಫ್ ಆತೇನ್ರಿ?" ಎಂದ.

"ಈ ಮಷಿನ್ ಆಫ್ ಮಾಡೀನಿ" ಎಂದೆ. ಅವನು ಹೋದ.

ಆಮೇಲೆ ಎರಡನೆಯದನ್ನು ತೆರೆದರೆ ಹತ್ತು ನಿಮಿಷವೂ ದಾಖಲಾಗಿತ್ತು. ಒಳಗಿನ ಕ್ಯಾಮೆರಾದಲ್ಲಿ ರುದ್ರಪ್ಪ ಚೀಲಗಳ ಮೇಲೆ ಟವೆಲ್ ಹಾಸಿ ಗಡದ್ದಾಗಿ ಮಲಗಿದ್ದ. ಹಿಂದಿನ ಕಾವಲುಗಾರನ ಕೆಲಸ ಹೋದದ್ದು ಹೀಗೆ ಮಲಗಿದ್ದಕ್ಕೇ ಎಂದು ಬೆಳಿಗ್ಗೆ ಅವನೇ ಹೇಳಿದ್ದ.

ಗೋದಾಮಿನ ಸಾಹುಕಾರರು ಬಂದರು. "ಕೆಲಸ ಮಾಡತೈತಾ? ತೋರಿಸ್ರಿ."

ಅವರ ಬೆನ್ನ ಹಿಂದೆ ನಿಂತ ರುದ್ರಪ್ಪನಿಗೆ ಎರಡನೆಯದು ರೆಕಾರ್ಡ್ ಮಾಡಿದೆ ಎಂದು ಈಗ ಅರ್ಥವಾಯಿತು. ಮುಖ ಸಣ್ಣದಾಯಿತು.

ನಾನು ಗೇಟಿನ ಕ್ಯಾಮೆರಾದ ದಾಖಲೆ ಹಾಕಿ ತೋರಿಸಿದೆ. ಅಲ್ಲಿ ಹತ್ತು ನಿಮಿಷವೂ ಒಂದು ಕೋಳಿ ಕಾಳು ಹೆಕ್ಕುತ್ತಿತ್ತು. ಸಾಹುಕಾರರು ಪೂರ್ತಿ ನೋಡಿ, "ಪಸಂದಾಗೈತೆ" ಎಂದು ಹೊರಟರು. ಪರೀಕ್ಷೆಯ ದಾಖಲೆಯನ್ನು ಅಳಿಸಿದೆ.

"ಇನ್ನೊಂದು ನೋಡತೈತೆ ಅಂತ ಮೊದ್ಲೇ ಹೇಳಾಕೆ ಏನಾಗಿತ್ರಿ ಯಜಮಾನ್ರೆ?" ಎಂದು ರುದ್ರಪ್ಪ ನನ್ನನ್ನೇ ದಬಾಯಿಸಿದ.

"ಹೇಳಿದ್ರೆ ಮಲಗ್ತಿದ್ಯಾ?" ಎಂದೆ.

ಬ್ಯಾಕಪ್ ಸರಿಯಾಗಿದೆ ಎಂಬುದಕ್ಕೆ ಆ ನಿದ್ದೆಯಷ್ಟು ಒಳ್ಳೆಯ ಸಾಕ್ಷಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ತೋರಿಸುವ ಹಾಗಿರಲಿಲ್ಲ, ಅಷ್ಟೆ.